ಮನೆ ಹತ್ತಿರದ ಕ್ಲಬ್‌ನಲ್ಲಿ ಜಿಯು ಜಿತ್ಸು: ಸೇರುವ ಮೊದಲು, ಸೇರಿದ ಮೇಲೆ ಮೂರು ತಿಂಗಳು

ಬ್ರೆಜಿಲಿಯನ್ ಜಿಯು ಜಿತ್ಸು (ಬಿಜೆಜೆ) ಶುರು ಮಾಡಿ ಮೂರು ತಿಂಗಳೊಳಗೆ ಬಿಟ್ಟವರನ್ನು ಕಾರಣ ಕೇಳಿ ನೋಡಿ. ಕ್ಲಬ್ ದೂರವಾಯಿತು, ಎರಡನೇ ವಾರವೇ ಪಕ್ಕೆ ಹಿಡಿದುಕೊಂಡಿತು, ಮಗುವಿಗೆ ಹುಳುಕಡ್ಡಿ ಅಂಟಿತು, ವರ್ಷದ ಫೀ ಕಟ್ಟಿ ಸಿಕ್ಕಿಹಾಕಿಕೊಂಡೆವು. ಹೆಚ್ಚಾಗಿ ಇವೇ ಉತ್ತರ. ಆಟವೇ ಕಷ್ಟವಾಯಿತು ಎನ್ನುವವರು ಕಡಿಮೆ. ಈ ನಾಲ್ಕನ್ನೂ ಮೊದಲೇ ತಡೆಯಬಹುದು. ಹಾಗಾಗಿ ಇಲ್ಲಿ ಪಟ್ಟುಗಳ ಮಾತು ಕಡಿಮೆ. ಕ್ಲಬ್ ಆರಿಸುವುದು, ಬಟ್ಟೆ, ಶುಚಿ, ಮೈ ಉಳಿಸಿಕೊಂಡು ಮುಂದಿನ ತರಗತಿಗೆ ಬರುವುದು, ಇವುಗಳ ಮಾತೇ ಹೆಚ್ಚು.

ಇದು ಎಂಥ ಆಟ

ಜಪಾನಿನ ಕೊಡೊಕಾನ್ ಜೂಡೊದಲ್ಲಿ ಪಳಗಿದ ಮಿತ್ಸುಯೊ ಮಯೆಡಾ 1914ರಲ್ಲಿ ಬ್ರೆಜಿಲ್ ತಲುಪಿದರು. ಬೆಲೆಂ ನಗರದಲ್ಲಿ ಅವರ ವಿದ್ಯೆ ಕಾರ್ಲೋಸ್ ಗ್ರೇಸಿಗೆ ದಕ್ಕಿತು. ಕಾರ್ಲೋಸ್ ಮತ್ತು ಅವರ ತಮ್ಮಂದಿರು ನೆಲದ ಮೇಲಿನ ಹಿಡಿತಗಳಿಗೆ ಒತ್ತು ಕೊಟ್ಟು ಬೆಳೆಸಿದ ಪದ್ಧತಿ ಇದು. ಹೊಡೆತ ಇಲ್ಲ, ಒದೆತ ಇಲ್ಲ. ಎದುರಾಳಿಯನ್ನು ಕೆಡವಿ, ಒಳ್ಳೆಯ ಸ್ಥಾನ ಹಿಡಿದು, ಕೈಕಾಲಿನ ಕೀಲು ತಿರುಚುವ ಲಾಕ್ ಅಥವಾ ಕತ್ತು ಒತ್ತುವ ಚೋಕ್ ಹಾಕಿ ಸೋಲೊಪ್ಪಿಸುವುದೇ ಗುರಿ. ಸ್ಪರ್ಧೆಯಲ್ಲಿ ಕೆಡವಿದರೆ 2 ಅಂಕ, ಕೆಳಗಿದ್ದವರು ಮಗುಚಿ ಮೇಲೆ ಬಂದರೆ 2, ಹೊಟ್ಟೆಯ ಮೇಲೆ ಮಂಡಿ ಊರಿದರೆ 2, ಎದುರಾಳಿಯ ಕಾಲುಗಳನ್ನು ದಾಟಿ ಪಕ್ಕಕ್ಕೆ ಬಂದು ನಿಂತರೆ 3, ಮೈಮೇಲೆ ಕೂತರೆ ಅಥವಾ ಬೆನ್ನಿಗೆ ಅಂಟಿದರೆ 4. ಯಾವ ಸ್ಥಾನಕ್ಕೆ ಎಷ್ಟು ಬೆಲೆ ಎಂಬುದು ಈ ಅಂಕಗಳಲ್ಲೇ ಇದೆ. ಮೊದಲ ದಿನವೇ ಬಾಯಿಪಾಠ ಮಾಡಿಕೊಂಡರೆ ನಷ್ಟವಿಲ್ಲ.

ಗರಡಿ ಕುಸ್ತಿ ನೋಡಿ ಬೆಳೆದವರಿಗೆ, ಅದರಲ್ಲೂ ಸ್ವಲ್ಪ ದಿನ ಅಖಾಡಕ್ಕೆ ಇಳಿದವರಿಗೆ, ಒಂದು ಎಚ್ಚರಿಕೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಅಲ್ಲಿಗೆ ಆಟ ಮುಗಿಯಿತು. ಇಲ್ಲಿ ಅಂಗಾತ ಬಿದ್ದವರ ಆಟ ಅಲ್ಲಿಂದಲೇ ಶುರು. ಕಾಲುಗಳಿಂದ ಎದುರಾಳಿಯನ್ನು ತಡೆದು ಕಟ್ಟಿಹಾಕುವ ಆ ಸ್ಥಾನವೇ ಗಾರ್ಡ್. ಕುಸ್ತಿಯ ಅಭ್ಯಾಸ ಇರುವವರು ಬೆನ್ನು ತಾಗುತ್ತಿದ್ದಂತೆ ತಟ್ಟನೆ ಬೋರಲು ತಿರುಗುತ್ತಾರೆ. ತಿರುಗಿದ ಕೂಡಲೇ ಬೆನ್ನು ಎದುರಾಳಿಯ ಪಾಲು. ಹಿಂದಿನಿಂದ ಕೈ ಕತ್ತಿಗೆ ಬಂದು ಚೋಕ್ ಬೀಳುತ್ತದೆ. ಕೆಡವುವುದರಲ್ಲಿ, ಹಿಡಿತದ ಬಲದಲ್ಲಿ ಅವರು ಉಳಿದವರಿಗಿಂತ ಎಷ್ಟೋ ಮುಂದಿರುತ್ತಾರೆ. ಇದೊಂದು ಚಾಳಿ ಬಿಡಿಸಿಕೊಳ್ಳಲು ಮಾತ್ರ ತಿಂಗಳುಗಳೇ ಬೇಕು.

ಕ್ಲಬ್ ಆರಿಸುವುದು

ಮೊದಲ ಅಳತೆ ದೂರ. ಸಂಜೆ ಬ್ಯಾಚ್‌ಗೆ ಮನೆಯಿಂದಲೋ ಆಫೀಸಿನಿಂದಲೋ 30 ನಿಮಿಷಕ್ಕಿಂತ ಹೆಚ್ಚು ಹಿಡಿಯುವ ಕ್ಲಬ್ ಎಷ್ಟೇ ಹೆಸರು ಮಾಡಿರಲಿ, ಬೇಡ. ಭಾನುವಾರ ಬೆಳಿಗ್ಗೆ ಹೋಗಿ ಬಂದು ‘ಇಪ್ಪತ್ತೇ ನಿಮಿಷ’ ಎಂದು ಲೆಕ್ಕ ಹಾಕಬೇಡಿ. ವಾರದ ಮಧ್ಯೆ ಸಂಜೆ ಆರೂವರೆಗೆ, ಸಾಧ್ಯವಾದರೆ ಮಳೆ ಬಂದ ದಿನ, ಅದೇ ದಾರಿಯಲ್ಲಿ ಒಮ್ಮೆ ಹೋಗಿ ನೋಡಿ. ಜಯನಗರದಿಂದ ಸಿಲ್ಕ್ ಬೋರ್ಡ್ ದಾಟಿ ವೈಟ್‌ಫೀಲ್ಡ್‌ಗೆ ವಾರಕ್ಕೆ ಮೂರು ಸಲ ಹೋಗುವ ಉತ್ಸಾಹ ಒಂದು ತಿಂಗಳು ಉಳಿದರೆ ಹೆಚ್ಚು. ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರವಿದ್ದರೆ ಒಳ್ಳೆಯದು. ಬೆಳಗಿನ ಬ್ಯಾಚ್ ಇದ್ದರೆ ದೊಡ್ಡವರಿಗೆ ಅದೇ ವಾಸಿ.

ಎರಡನೆಯದು ಕೋಚ್. ಅವರ ಬೆಲ್ಟ್ ಯಾವುದು, ಅದನ್ನು ಕೊಟ್ಟವರು ಯಾರು ಎಂದು ನೇರವಾಗಿ ಕೇಳಿ. ಈ ವಿದ್ಯೆಯಲ್ಲಿ ಹಾಗೆ ಕೇಳುವುದು ಅಧಿಕಪ್ರಸಂಗವಲ್ಲ. ಗುರುಪರಂಪರೆ ಎಲ್ಲರಿಗೂ ಗೊತ್ತಿರಬೇಕಾದದ್ದೇ. ದೊಡ್ಡವರ ಬೆಲ್ಟ್‌ಗಳು ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂಬ ಕ್ರಮದಲ್ಲಿ ಬರುತ್ತವೆ. ಬ್ಲ್ಯಾಕ್ ಬೆಲ್ಟ್‌ಗೆ ಸುಮಾರು ಹತ್ತು ವರ್ಷ ಹಿಡಿಯುವುದು ಸಾಮಾನ್ಯವಾದ್ದರಿಂದ ನೇರಳೆ ಅಥವಾ ಕಂದು ಬೆಲ್ಟ್‌ನವರು ನಡೆಸುವ ಕ್ಲಬ್ ಎಂದರೆ ಮೂಗು ಮುರಿಯಬೇಕಿಲ್ಲ. ಅವರ ಮೇಲೆ ಒಬ್ಬ ಬ್ಲ್ಯಾಕ್ ಬೆಲ್ಟ್ ಇದ್ದು, ಬಂದು ನೋಡಿ ಬಡ್ತಿ ಕೊಡುತ್ತಾರೆಯೇ ಎಂಬುದು ಮುಖ್ಯ. ಅನುಮಾನ ಪಡಬೇಕಾದದ್ದು ಬೇರೊಂದು ಸಮರಕಲೆಯ ಶಾಲೆ ಬೋರ್ಡ್‌ಗೆ ‘ಬಿಜೆಜೆ’ ಎಂದು ಒಂದು ಸಾಲು ಸೇರಿಸಿಕೊಂಡಾಗ. ಅಲ್ಲಿ ಇದನ್ನು ಕಲಿಸುವವರು ಯಾರಿಂದ ಕಲಿತರು ಎಂದು ಕೇಳಿದರೆ ಉತ್ತರ ತೊದಲುತ್ತದೆ.

ಮೂರನೆಯದು, ಒಂದು ಇಡೀ ತರಗತಿ ಬದಿಯಲ್ಲಿ ಕೂತು ನೋಡಿ. ಹತ್ತು ನಿಮಿಷ ಇಣುಕಿದರೆ ಸಾಲದು, ಕೊನೆಯ ಅರ್ಧ ಗಂಟೆಯಲ್ಲೇ ಕ್ಲಬ್‌ನ ಬಣ್ಣ ಗೊತ್ತಾಗುವುದು. ಕೋಚ್ ಹೇಗೆ ಕಲಿಸುತ್ತಾರೆ ಎಂಬುದಕ್ಕಿಂತ ಅಲ್ಲಿನ ನೀಲಿ, ನೇರಳೆ ಬೆಲ್ಟ್‌ನವರು ಹೊಸಬರ ಜೊತೆ, ತಮಗಿಂತ ಚಿಕ್ಕ ಮೈಯವರ ಜೊತೆ ಹೇಗೆ ಆಡುತ್ತಾರೆ ಎಂದು ಗಮನಿಸಿ. ಟ್ಯಾಪ್, ಅಂದರೆ ಸೋಲೊಪ್ಪಿ ಕೈಯಿಂದ ತಟ್ಟುವುದು, ಬಿದ್ದ ತಕ್ಷಣ ಹಿಡಿತ ಸಡಿಲವಾಗಬೇಕು. ಅರ್ಧ ಸೆಕೆಂಡ್ ಹೆಚ್ಚಿಗೆ ಹಿಡಿಯುವವರು ಇಬ್ಬರು ಮೂವರು ಕಂಡರೆ ಬೇರೆ ಕಡೆ ನೋಡಿ. 90 ಕೆಜಿಯವರು 55 ಕೆಜಿಯವರ ಎದೆಯ ಮೇಲೆ ಪೂರ್ತಿ ಭಾರ ಬಿಟ್ಟು ನಗುತ್ತಿದ್ದರೂ ಅದೇ ಮಾತು. ಹೆಂಗಸರು ಎಷ್ಟು ಮಂದಿ ಇದ್ದಾರೆ, ಅವರಿಗೆ ಜೊತೆಗಾರರನ್ನು ಆರಿಸಿಕೊಳ್ಳುವ, ‘ಇವರ ಜೊತೆ ಬೇಡ’ ಎನ್ನುವ ಅವಕಾಶ ಇದೆಯೇ ನೋಡಿ. ಫ್ಯಾಮಿಲಿ ಕ್ಲಬ್ ಎಂದು ಗೋಡೆಯ ಮೇಲೆ ಬರೆದುಕೊಳ್ಳಲು ಖರ್ಚೇನಿಲ್ಲ.

ಮ್ಯಾಟ್ ಮೇಲೂ ಕಣ್ಣಿಡಿ. ನಿಂತು ಕೆಡವುವ ಅಭ್ಯಾಸಕ್ಕೆ 40 ಮಿಲಿಮೀಟರ್ ದಪ್ಪದ ಮ್ಯಾಟ್ ಬೇಕು. 20 ಮಿಲಿಮೀಟರ್‌ನ ಜೋಡಣೆ ಹಾಳೆಗಳು ಕೂತು ಆಡುವುದಕ್ಕೆ ಸಾಕು, ಬೀಳುವುದಕ್ಕೆ ಸಾಲದು. ಸಂದುಗಳು ಬಿಟ್ಟುಕೊಂಡಿದ್ದರೆ ಮಕ್ಕಳ ಕಾಲ್ಬೆರಳು ಸಿಕ್ಕಿಕೊಂಡು ಉಳುಕುತ್ತದೆ. ನಮ್ಮೂರಿನಲ್ಲಿ ಇಂಥ ಜಾಗಗಳು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲೋ ಕಮರ್ಷಿಯಲ್ ಕಟ್ಟಡದ ಮೂರನೇ ಮಹಡಿಯಲ್ಲೋ ಸಿಗುವುದರಿಂದ ಕಂಬಗಳಿಗೆ ಮೆತ್ತೆ ಸುತ್ತಿದೆಯೇ, ಗಾಳಿ ಆಡುತ್ತದೆಯೇ ನೋಡಿ. ಮ್ಯಾಟ್ ಎಷ್ಟು ಸಲ ಒರೆಸುತ್ತೀರಿ ಎಂದು ಕೇಳಿ. ‘ದಿನಾ, ಕ್ರಿಮಿನಾಶಕ ಹಾಕಿ’ ಎಂಬುದೊಂದೇ ಸರಿಯಾದ ಉತ್ತರ.

ಹಣದ ವಿಷಯ ಚುಟುಕಾಗಿ. ಟ್ರಯಲ್ ತರಗತಿ ಕೇಳಿ, ಆಮೇಲೆ ಒಂದು ತಿಂಗಳು ಕಟ್ಟಿ, ನಂತರ ಮೂರು ತಿಂಗಳು. ವರ್ಷದ ಪ್ಯಾಕೇಜಿನ ರಿಯಾಯಿತಿ ಆಸೆ ಹುಟ್ಟಿಸುತ್ತದೆ, ಆದರೆ ಆರು ತಿಂಗಳು ಆಡುವ ಮುನ್ನ ಅದರ ತಂಟೆಗೆ ಹೋಗಬೇಡಿ. ಗಾಯವಾದರೆ, ಊರಿಗೆ ಹೋದರೆ ಸದಸ್ಯತ್ವ ತಡೆಹಿಡಿಯುತ್ತಾರೆಯೇ, ಅಣ್ಣ–ತಂಗಿ ಅಥವಾ ತಾಯಿ–ಮಗ ಒಟ್ಟಿಗೆ ಸೇರಿದರೆ ಕಡಿಮೆ ಮಾಡುತ್ತಾರೆಯೇ, ಬಡ್ತಿಗೆ ಬೇರೆ ಶುಲ್ಕ ಇದೆಯೇ ಎಂದು ಮೊದಲೇ ಕೇಳಿ, ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಮಕ್ಕಳನ್ನು ಸೇರಿಸುವವರು ಕೇಳಬೇಕಾದ್ದು

ನಾಲ್ಕೈದು ವರ್ಷದ ಮಕ್ಕಳ ತರಗತಿ 30–40 ನಿಮಿಷದ ಆಟವಾಗಿರಬೇಕು: ಉರುಳುವುದು, ತೆವಳುವುದು, ಬೀಳುವುದು, ಹಿಡಿದು ತಪ್ಪಿಸಿಕೊಳ್ಳುವುದು. ಅಷ್ಟು ಚಿಕ್ಕವರಿಗೆ ಚೋಕ್ ಕಲಿಸುವ ಕ್ಲಬ್ ಬೇಡ. 7ರಿಂದ 12ರವರಿಗೆ ಸ್ಥಾನಗಳು, ಮೇಲೆ ಕೂತವರಿಂದ ಬಿಡಿಸಿಕೊಳ್ಳುವುದು, ಜೊತೆಗೆ ಕೋಚ್ ಕಣ್ಣಳತೆಯಲ್ಲೇ ಕೆಲವು ಲಾಕ್‌ಗಳು. ಅಂತರರಾಷ್ಟ್ರೀಯ ಫೆಡರೇಷನ್ನಿನ ನಿಯಮದಲ್ಲೂ ಕಾಲಿನ ಲಾಕ್‌ಗಳು 16ರ ಕೆಳಗಿನವರಿಗೆ ನಿಷಿದ್ಧ. ಮೂಳೆ ಇನ್ನೂ ಬೆಳೆಯುತ್ತಿರುವ ವಯಸ್ಸು ಅದು. ‘ನಮ್ಮಲ್ಲಿ ಮಕ್ಕಳಿಗೂ ಎಲ್ಲ ಕಲಿಸುತ್ತೇವೆ’ ಎಂದು ಹೆಮ್ಮೆಯಿಂದ ಹೇಳುವ ಕೋಚ್‌ಗೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಒಬ್ಬ ಕೋಚ್‌ಗೆ 10 ಮಕ್ಕಳು ದಾಟಿದರೆ ನಿಗಾ ತಪ್ಪುತ್ತದೆ. ಮಕ್ಕಳ ತರಗತಿಯಲ್ಲಿ ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು ಇರಬೇಕು. ಮೈಗೆ ಮೈ ತಾಗುವ ಆಟವಾದ್ದರಿಂದ ಕೇಳಲು ಸಂಕೋಚ ಬೇಡ: ಪೋಷಕರು ಕೂತು ನೋಡಬಹುದೇ? ಬಟ್ಟೆ ಬದಲಿಸುವ ಜಾಗದಲ್ಲಿ ದೊಡ್ಡವರೂ ಮಕ್ಕಳೂ ಒಟ್ಟಿಗೆ ಇರುತ್ತಾರೆಯೇ? ಮಗುವಿಗೆ ಕೋಚ್ ನೇರವಾಗಿ ಮೆಸೇಜ್ ಮಾಡುತ್ತಾರೆಯೇ, ಪೋಷಕರ ಗುಂಪಿನ ಮೂಲಕವೇ? ಫೋಟೊ ಇನ್‌ಸ್ಟಾಗ್ರಾಂಗೆ ಹಾಕುವ ಮೊದಲು ಒಪ್ಪಿಗೆ ಕೇಳುತ್ತಾರೆಯೇ? ದೂರು ಬಂದರೆ ಯಾರ ಹತ್ತಿರ ಹೋಗಬೇಕು? 2012ರ ಪೋಕ್ಸೊ ಕಾಯ್ದೆ ಶಾಲೆಗೆ ಹೇಗೋ ಕ್ಲಬ್‌ಗೂ ಹಾಗೆಯೇ. ಒಳ್ಳೆಯ ಕೋಚ್‌ಗಳಿಗೆ ಇಂಥ ಪ್ರಶ್ನೆ ಬೇಸರ ತರಿಸುವುದಿಲ್ಲ, ಬದಲಿಗೆ ನೆಮ್ಮದಿ ಕೊಡುತ್ತದೆ.

ಮಕ್ಕಳ ಬೆಲ್ಟ್ ಬೇರೆ: ಬಿಳಿ, ಬೂದು, ಹಳದಿ, ಕಿತ್ತಳೆ, ಹಸಿರು. ನೀಲಿ ಬೆಲ್ಟ್‌ಗೆ ಕನಿಷ್ಠ 16 ವರ್ಷ ತುಂಬಿರಬೇಕು. ಹತ್ತು ವರ್ಷದ ಹುಡುಗಿಗೆ ‘ಜೂನಿಯರ್ ಬ್ಲ್ಯಾಕ್’ ಎಂದು ಯಾರಾದರೂ ಕಟ್ಟಿದ್ದರೆ ಅದು ಈ ಆಟದ ಬೆಲ್ಟ್ ಅಲ್ಲ.

ಬಟ್ಟೆ

ಟ್ರಯಲ್‌ಗೆ ಏನೂ ಕೊಳ್ಳಬೇಡಿ. ಮೈಗಂಟುವ ಟೀ ಶರ್ಟು, ಜೇಬು–ಜಿಪ್ ಇಲ್ಲದ ಟ್ರ್ಯಾಕ್ ಪ್ಯಾಂಟು ಸಾಕು. ಜೇಬಿದ್ದರೆ ಅದರೊಳಗೆ ಇನ್ನೊಬ್ಬರ ಬೆರಳು ಹೊಕ್ಕು ತಿರುಚಿಕೊಳ್ಳುತ್ತದೆ. ಎಷ್ಟೋ ಕ್ಲಬ್‌ಗಳು ಮೊದಲ ವಾರಕ್ಕೆ ಗೀ, ಅಂದರೆ ಈ ಆಟದ ದಪ್ಪ ಅಂಗಿ–ಪ್ಯಾಂಟು, ಬಾಡಿಗೆಗೋ ಎರವಲಾಗಿಯೋ ಕೊಡುತ್ತವೆ.

ಸೇರುವುದು ಖಚಿತವಾದ ಮೇಲೆ ಗೀ. ಮನೆಯಲ್ಲಿ ಮಗುವಿನ ಕರಾಟೆ ಡ್ರೆಸ್ ಇದೆ, ಅದನ್ನೇ ಹಾಕಿಸೋಣ ಎನ್ನುವುದು ಎಲ್ಲ ಮನೆಯಲ್ಲೂ ಬರುವ ಯೋಚನೆ. ಅದರ ಬಟ್ಟೆ ತೆಳು. ಹಿಡಿದು ಎಳೆಯುವ ಈ ಆಟದಲ್ಲಿ ಕಂಕುಳು, ಕಾಲರು ಕೆಲವೇ ದಿನದಲ್ಲಿ ಹರಿಯುತ್ತದೆ. ಜೂಡೊ ಡ್ರೆಸ್ ಇದ್ದರೆ ಮೊದಲ ಕೆಲವು ತಿಂಗಳಿಗೆ ನಡೆಯುತ್ತದೆ. ಕೊಳ್ಳುವುದಾದರೆ ಪರ್ಲ್ ವೀವ್ ಎಂಬ ನೇಯ್ಗೆಯದ್ದು, 350ರಿಂದ 450 ಜಿಎಸ್‌ಎಂ (ಚದರ ಮೀಟರ್ ಬಟ್ಟೆಗೆ ಇಷ್ಟು ಗ್ರಾಂ ತೂಕ). 550ರದ್ದು ಗಟ್ಟಿ ನಿಜ, ಆದರೆ ಜುಲೈ ತಿಂಗಳ ಬೆಂಗಳೂರಿನಲ್ಲಿ ಅದು ಒಣಗುವಷ್ಟರಲ್ಲಿ ಇನ್ನೆರಡು ತರಗತಿ ಕಳೆದಿರುತ್ತವೆ. ದೊಡ್ಡವರ ಅಳತೆ ಎ0ಯಿಂದ ಎ6ರವರೆಗೆ, ಮಕ್ಕಳದ್ದು ಎಂ ಸರಣಿ. ಅಳತೆಯ ಪಟ್ಟಿ ಕಂಪನಿಯಿಂದ ಕಂಪನಿಗೆ ಬೇರೆ, ಎತ್ತರದ ಜೊತೆ ತೂಕವನ್ನೂ ನೋಡಿಯೇ ಆರಿಸಿ. ಕೈ ನೇರ ಚಾಚಿದಾಗ ತೋಳಿನ ತುದಿ ಮಣಿಕಟ್ಟಿನಿಂದ 5 ಸೆಂಟಿಮೀಟರ್‌ಗಿಂತ ಮೇಲೆ ನಿಲ್ಲಬಾರದು. ಹತ್ತಿ ಕುಗ್ಗುತ್ತದೆ, ಆದ್ದರಿಂದ ಹೊಸದರಲ್ಲಿ ಸ್ವಲ್ಪ ಉದ್ದವೇ ಇರಲಿ. ಗೀ ಒಳಗೆ ರ್‍ಯಾಷ್ ಗಾರ್ಡ್ ಎಂಬ ಮೈಗಂಟುವ ಅಂಗಿ ಹಾಕಿದರೆ ಮ್ಯಾಟ್‌ನ ಉಜ್ಜುಗಾಯ ತಪ್ಪುತ್ತದೆ, ಹೆಂಗಸರಿಗೆ ಮುಜುಗರವೂ ಇಲ್ಲ.

ಬೆಲ್ಟ್ ಕಟ್ಟುವುದನ್ನು ಮನೆಯಲ್ಲೇ ಕಲಿತು ಹೋಗಿ:

1. ಬೆಲ್ಟ್ ಮಡಚಿ ನಡುಭಾಗ ಹುಡುಕಿ, ಅದನ್ನು ಹೊಕ್ಕುಳ ಕೆಳಗೆ ಇಟ್ಟುಕೊಳ್ಳಿ.
2. ಎರಡೂ ತುದಿಗಳನ್ನು ಬೆನ್ನ ಹಿಂದೆ ಒಯ್ದು ಒಂದರ ಮೇಲೊಂದು ದಾಟಿಸಿ ಮುಂದಕ್ಕೆ ತನ್ನಿ. ಈಗ ಸೊಂಟಕ್ಕೆ ಎರಡು ಸುತ್ತು.
3. ಮೇಲಿರುವ ತುದಿಯನ್ನು ಎರಡೂ ಸುತ್ತುಗಳ ಅಡಿಯಿಂದ ತೂರಿಸಿ ಮೇಲಕ್ಕೆ ಎಳೆಯಿರಿ. ಒಂದೇ ಸುತ್ತಿನ ಅಡಿ ತೂರಿಸಿದರೆ ಐದು ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ. ಎಲ್ಲರೂ ಎಡವುವುದು ಇಲ್ಲೇ.
4. ಮೇಲಕ್ಕೆ ಬಂದ ತುದಿಯನ್ನು ಕೆಳಗಿನದರ ಮೇಲೆ ಮಡಚಿ ಗಂಟು ಹಾಕಿ, ಎರಡೂ ತುದಿಗಳನ್ನು ಪಕ್ಕಕ್ಕೆ ಎಳೆದು ಬಿಗಿಯಿರಿ. ತುದಿಗಳು ನೆಟ್ಟಗೆ ಕೆಳಗೆ ನೇತಾಡದೆ ಎಡಬಲಕ್ಕೆ ನಿಂತರೆ ಗಂಟು ಸರಿಯಾಗಿದೆ.

ಮೊದಲ ದಿನ

ಊಟ ಮಾಡಿ ಎರಡು ಗಂಟೆಯಾದರೂ ಆಗಿರಬೇಕು. ಮಸಾಲೆ ದೋಸೆ ತಿಂದು ಹೋಗಿ ಯಾರೋ ಹೊಟ್ಟೆಯ ಮೇಲೆ ಮಂಡಿ ಊರಿದರೆ ಪರಿಣಾಮ ಊಹಿಸಿಕೊಳ್ಳಿ. ಆಫೀಸಿನಿಂದ ನೇರ ಹೋಗುವವರಿಗೆ ಮುಕ್ಕಾಲು ಗಂಟೆ ಮುಂಚೆ ಒಂದು ಬಾಳೆಹಣ್ಣು ಸಾಕು.

ಕೈಕಾಲಿನ ಉಗುರು ಹಿಂದಿನ ದಿನವೇ ಕತ್ತರಿಸಿ. ಮೈಮೇಲಿನ ಒಡವೆ ಎಲ್ಲ ತೆಗೆಯಬೇಕು: ಓಲೆ, ಮೂಗುತಿ, ಬಳೆ, ಸರ, ಕಾಲುಂಗುರ, ಮಕ್ಕಳ ಗೆಜ್ಜೆ, ಕೈಗೆ ಕಟ್ಟಿದ ದೇವಸ್ಥಾನದ ದಾರ. ಟೇಪ್ ಸುತ್ತಿಕೊಂಡರಾಯಿತು ಎನ್ನುವುದು ಕಾಲುಂಗುರಕ್ಕೆ ಆಗದ ಮಾತು. ಗೀಯ ಬಟ್ಟೆಗೆ ಸಿಕ್ಕಿ ಬೆರಳನ್ನೇ ತಿರುಚುತ್ತದೆ. ತಾಳಿ ತೆಗೆಯಲು ಮನಸ್ಸಿಲ್ಲದವರು ಉದ್ದದ ಸರದ ಬದಲು ಕಪ್ಪು ದಾರಕ್ಕೆ ಕಟ್ಟಿಕೊಂಡು ಬರುವುದುಂಟು. ಅದೂ ಅಪಾಯವೇ, ಕಾಲರ್ ಹಿಡಿದಾಗ ಕತ್ತಿಗೆ ಬಿಗಿಯುತ್ತದೆ. ಪುಟ್ಟ ಜಿಪ್ ಚೀಲದಲ್ಲಿಟ್ಟು ಬ್ಯಾಗಿನ ಒಳಜೇಬಿಗೆ ಹಾಕಿ. ಜನಿವಾರ, ಉಡಿದಾರ ಇರುವವರು ಬಿಗಿಯಾದ ರ್‍ಯಾಷ್ ಗಾರ್ಡ್ ಒಳಗೆ ಸಿಕ್ಕಿಸಿಕೊಳ್ಳಿ. ಉದ್ದ ಕೂದಲನ್ನು ಜಡೆ ಹೆಣೆದು ಬಟ್ಟೆ ರಬ್ಬರ್ ಹಾಕಿ. ಲೋಹದ ಕ್ಲಿಪ್ಪು, ಪಿನ್ನು ಬೇಡ.

ಚಪ್ಪಲಿ ಮ್ಯಾಟ್‌ನ ಅಂಚಿನವರೆಗೆ, ಬರಿಗಾಲು ಮ್ಯಾಟ್ ಮೇಲೆ ಮಾತ್ರ. ಬಚ್ಚಲಿಗೆ ಬರಿಗಾಲಲ್ಲಿ ಹೋಗಿ ಬಂದು ಮತ್ತೆ ಮ್ಯಾಟ್ ಹತ್ತುವವರಿಂದಲೇ ಅರ್ಧ ಚರ್ಮರೋಗ ಹರಡುವುದು.

ಬಿಪಿ, ಉಬ್ಬಸ, ಮೂರ್ಛೆರೋಗ, ಡಿಸ್ಕ್ ತೊಂದರೆ, ಹರ್ನಿಯಾ, ರಕ್ತ ತೆಳುವಾಗಿಸುವ ಮಾತ್ರೆ, ಹಳೆಯ ಮಂಡಿ–ಭುಜದ ಗಾಯ ಇದ್ದರೆ ಮೊದಲು ವೈದ್ಯರಿಗೆ, ಆಮೇಲೆ ಕೋಚ್‌ಗೆ ಹೇಳಿ. ಇನ್ಹೇಲರ್ ಬ್ಯಾಗಿನಲ್ಲಿದ್ದರೆ ಸಾಲದು, ಮ್ಯಾಟ್ ಬದಿಯಲ್ಲಿರಲಿ. ಗರ್ಭಿಣಿಯರಿಗೆ ಇದು ಮ್ಯಾಟ್‌ಗೆ ಕಾಲಿಡುವ ಹೊತ್ತಲ್ಲ.

ತರಗತಿ ಸಾಮಾನ್ಯವಾಗಿ 60ರಿಂದ 90 ನಿಮಿಷ. ಸಾಲಾಗಿ ನಿಂತು ತಲೆಬಾಗಿ ಶುರು. ಮುಂದಕ್ಕೆ ಹಿಂದಕ್ಕೆ ಉರುಳುವುದು, ಬೀಳುವ ಅಭ್ಯಾಸ, ಸೊಂಟದ ಚಲನೆಗಳು ಬರುತ್ತವೆ. ಆಮೇಲೆ ಒಂದೆರಡು ಪಟ್ಟು ತೋರಿಸಿ ಜೋಡಿಯಾಗಿ ಮಾಡಿಸುತ್ತಾರೆ. ಕೊನೆಗೆ ರೋಲಿಂಗ್, ಅಂದರೆ ಐದೈದು ನಿಮಿಷದ ಸುತ್ತುಗಳಲ್ಲಿ ನಿಜವಾಗಿ ಆಡುವುದು. ಮೊದಲ ದಿನ ರೋಲಿಂಗ್ ಬೇಡ ಎನ್ನಲು ನಿಮಗೆ ಹಕ್ಕಿದೆ. ಆಡುವುದಾದರೆ ಕೋಚ್ ತೋರಿಸಿದ ಅನುಭವಿಯ ಜೊತೆ. ಇಬ್ಬರು ಹೊಸ ಬಿಳಿ ಬೆಲ್ಟ್‌ನವರು ಜಿದ್ದಿಗೆ ಬಿದ್ದಾಗಲೇ ಹೆಚ್ಚು ಪೆಟ್ಟಾಗುವುದು. ಇಬ್ಬರಿಗೂ ಶಕ್ತಿ ಇದೆ, ಬ್ರೇಕು ಇಬ್ಬರಿಗೂ ಗೊತ್ತಿಲ್ಲ.

ಟ್ಯಾಪ್

ಎಲ್ಲಕ್ಕಿಂತ ಮೊದಲು ಕಲಿಯಬೇಕಾದ್ದು ಇದು. ಎದುರಾಳಿಯ ಮೈಮೇಲೆ ಎರಡು ಮೂರು ಸಲ, ಅವರಿಗೆ ಖಚಿತವಾಗಿ ಗೊತ್ತಾಗುವಷ್ಟು ಜೋರಾಗಿ ತಟ್ಟಿ. ಮ್ಯಾಟ್ ಮೇಲೆ ಮಾತ್ರ ತಟ್ಟಿದರೆ ಗದ್ದಲದಲ್ಲಿ ಕೇಳಿಸದೇ ಹೋಗಬಹುದು. ಎರಡೂ ಕೈ ಸಿಕ್ಕಿಕೊಂಡಿದ್ದರೆ ‘ಟ್ಯಾಪ್’ ಎಂದು ಬಾಯಿಬಿಟ್ಟು ಹೇಳಿ, ಕಾಲಿಂದಲೂ ನೆಲ ಬಡಿಯಿರಿ. ನೋವಿನಿಂದ ಚೀರಿದರೂ ಅದು ಟ್ಯಾಪೇ.

ಯಾವಾಗ ಎಂಬುದರಲ್ಲೇ ಹೊಸಬರು ತಪ್ಪುವುದು. ಕತ್ತಿನ ಎರಡು ಬದಿಯ ರಕ್ತನಾಳ ಒತ್ತುವ ಚೋಕ್ ಸರಿಯಾಗಿ ಕೂತರೆ 10 ಸೆಕೆಂಡಿನೊಳಗೇ ಪ್ರಜ್ಞೆ ಹೋಗಬಹುದು, ಮೊದಲು ನೋವೂ ಇರುವುದಿಲ್ಲ. ಮೊಣಕೈಯನ್ನು ಹಿಮ್ಮುಖವಾಗಿ ಬಗ್ಗಿಸುವ ಆರ್ಮ್‌ಬಾರ್‌ನಲ್ಲಿ ನೋವು ಮೊದಲು, ಪೆಟ್ಟು ಆಮೇಲೆ, ಎಚ್ಚರಿಕೆ ಸಿಗುತ್ತದೆ. ಮಂಡಿಯನ್ನು ತಿರುಚುವ ಹೀಲ್ ಹುಕ್‌ನಂಥವುಗಳಲ್ಲಿ ನೋವು ಗೊತ್ತಾಗುವ ಹೊತ್ತಿಗೆ ತಂತು ಹರಿದಿರುತ್ತದೆ. ಬಿಳಿ ಬೆಲ್ಟ್‌ನವರ ಜೊತೆ ಅದನ್ನು ಆಡಲು ಬಿಡುವ ಕ್ಲಬ್‌ನಿಂದ ದೂರವಿರಿ. ಆದ್ದರಿಂದ ನೋವಿಗೆ ಕಾಯದೆ, ಹಿಡಿತ ಕೂತಿತು, ಬಿಡಿಸಿಕೊಳ್ಳುವ ದಾರಿ ಗೊತ್ತಿಲ್ಲ ಎನಿಸಿದಾಗಲೇ ತಟ್ಟಿ. ಒಂದು ಸಂಜೆಗೆ ಹತ್ತು ಸಲ ತಟ್ಟಿದವರು ನಾಳಿದ್ದು ಮತ್ತೆ ಬರುತ್ತಾರೆ. ಹಠ ಹಿಡಿದು ಒಂದೇ ಸಲ ತಟ್ಟದೆ ಉಳಿದವರು ಆರ್ಥೊಪೆಡಿಕ್ ಸರದಿಯಲ್ಲಿ ಕೂತಿರುತ್ತಾರೆ.

ಮೊದಲ ತಿಂಗಳು ಏನು ಕಲಿಯಬೇಕು

ಯೂಟ್ಯೂಬ್ ಮುಚ್ಚಿಡಿ. ನಾಲ್ಕು ಸ್ಥಾನ ಗುರುತಿಸಲು ಬಂದರೆ ಸಾಕು: ಗಾರ್ಡ್, ಸೈಡ್ ಕಂಟ್ರೋಲ್ (ಕಾಲು ದಾಟಿ ಪಕ್ಕದಿಂದ ಒತ್ತಿಹಿಡಿಯುವುದು), ಮೌಂಟ್ (ಮೈಮೇಲೆ ಕೂರುವುದು), ಬ್ಯಾಕ್ (ಬೆನ್ನಿಗೆ ಅಂಟುವುದು). ಪ್ರತಿಯೊಂದರ ಅಡಿಯಿಂದ ಹೊರಬರುವ ಒಂದೊಂದು ದಾರಿ ಗೊತ್ತಿದ್ದರೆ ತಿಂಗಳು ಸಾರ್ಥಕ.

ಮನೆಯಲ್ಲಿ ಚಾಪೆ ಹಾಸಿ ದಿನಾ ಐದು ನಿಮಿಷ ಮಾಡಬಹುದಾದ್ದು ಶ್ರಿಂಪ್, ಅಂದರೆ ಕೆಳಗಿನಿಂದ ಜಾರಿಕೊಳ್ಳುವ ಸೊಂಟದ ಚಲನೆ. ಅಂಗಾತ ಮಲಗಿ, ಬಲಗಾಲು ಮಡಚಿ ಹಿಮ್ಮಡಿಯನ್ನು ಪೃಷ್ಠದ ಹತ್ತಿರ ತನ್ನಿ. ಆ ಪಾದವನ್ನು ನೆಲಕ್ಕೆ ಒತ್ತಿ ಸೊಂಟ ಎತ್ತಿ, ಎಡ ಭುಜದ ಮೇಲೆ ಪಕ್ಕಕ್ಕೆ ವಾಲಿ. ಈಗ ಸೊಂಟವನ್ನು ಹಿಂದಕ್ಕೆ, ಅಂದರೆ ಬೆನ್ನು ಮುಖಮಾಡಿರುವ ಕಡೆಗೆ, ತಳ್ಳಿ. ಕೈಗಳು ಕಾಲ್ಪನಿಕ ಎದುರಾಳಿಯ ಭುಜ ಮತ್ತು ಸೊಂಟಕ್ಕೆ ಅಡ್ಡ ನಿಲ್ಲಬೇಕು. ಸರಿಯಾಗಿ ಮಾಡಿದರೆ ಕೊನೆಗೆ ಕೈಬೆರಳು ಕಾಲ್ಬೆರಳಿಗೆ ತಾಗುವಷ್ಟು ಮೈ ಮಡಚಿರುತ್ತದೆ. ಸಾಮಾನ್ಯ ತಪ್ಪು, ಪಕ್ಕಕ್ಕೆ ವಾಲದೆ ಬೆನ್ನ ಮೇಲೇ ಜಾರುವುದು. ಎದುರಾಳಿಯ ಭಾರ ಇದ್ದಾಗ ಆ ಚಲನೆ ಒಂದಿಂಚೂ ನಡೆಯದು. ಇನ್ನೊಂದು, ಕೈಯಿಂದ ತಳ್ಳುವುದು. ಕೈ ತಡೆಗೆ, ಸೊಂಟ ಓಟಕ್ಕೆ.

ಎರಡನೆಯದು, ಮೈಮೇಲೆ ಕೂತವರನ್ನು ಮಗುಚುವುದು. ಅವರ ಒಂದು ಕೈಯನ್ನು ಎದೆಗೆ ಬಿಗಿಹಿಡಿಯಿರಿ, ಅದೇ ಬದಿಯ ಅವರ ಪಾದವನ್ನು ನಿಮ್ಮ ಪಾದದಿಂದ ಕಟ್ಟಿಹಾಕಿ. ಸೊಂಟವನ್ನು ಜೋರಾಗಿ ಎತ್ತಿ ಆ ಬದಿಯ ಭುಜದ ಮೇಲಿಂದ ಓರೆಯಾಗಿ ಉರುಳಿ. ಕೈ ಕಟ್ಟಿ ಕಾಲು ಕಟ್ಟದಿದ್ದರೆ ಅವರು ಕಾಲು ಊರಿ ನಿಲ್ಲುತ್ತಾರೆ. ಕಾಲು ಕಟ್ಟಿ ಕೈ ಬಿಟ್ಟರೆ ಕೈ ಊರುತ್ತಾರೆ. ನೆಟ್ಟಗೆ ಮೇಲಕ್ಕೆ ಎತ್ತಿದರೆ ಸವಾರಿಯಷ್ಟೇ ಸಿಗುವುದು.

ಇನ್ನು ಕೆಡುವುದೆಲ್ಲಿ? ಉಸಿರು ಬಿಗಿಹಿಡಿಯುವುದರಲ್ಲಿ ಮೊದಲು. ಎರಡನೇ ನಿಮಿಷಕ್ಕೇ ಕಣ್ಣು ಕತ್ತಲಾಗುವುದು ಸ್ಟ್ಯಾಮಿನಾ ಇಲ್ಲದ್ದಕ್ಕಲ್ಲ, ಉಸಿರು ಬಿಡದ್ದಕ್ಕೆ. ಬೀಳುವಾಗ ಕೈ ನೇರ ಚಾಚಿ ಊರಬೇಡಿ, ಮಣಿಕಟ್ಟು ಅಥವಾ ಮೊಣಕೈ ಹೋಗುತ್ತದೆ. ಗದ್ದ ಎದೆಗೊತ್ತಿ, ಅಂಗೈಯಿಂದ ಮೊಣಕೈವರೆಗೆ ಇಡೀ ತೋಳಿಂದ ನೆಲ ಬಡಿಯಿರಿ. ಸಿಕ್ಕ ಬಟ್ಟೆಯನ್ನೆಲ್ಲ ಬಿಡದೆ ಹಿಡಿದರೆ ಬೆರಳ ಗೆಣ್ಣು ಊದಿ ಮರುದಿನ ಕೀಬೋರ್ಡ್ ಒತ್ತಲಾಗದು. ನಿಂತಿರುವವರ ಸೊಂಟಕ್ಕೆ ಹಾರಿ ಕಾಲು ಸುತ್ತುವುದು ಎದುರಿನವರ ಮಂಡಿ ಮುರಿಯುವ ಕೆಲಸ, ಯಾರೂ ಮಾಡಬಾರದು. ಪಕ್ಕೆಯ ಮೆದುಮೂಳೆ ನೋವು ಬಂದರೆ ಕೆಲವು ವಾರ ಬಿಡುವು ಬೇಕೇ ಬೇಕು; ಕೆಮ್ಮಿದಾಗ, ಸೀನಿದಾಗ ನೋಯುವಷ್ಟು ದಿನ ರೋಲಿಂಗ್ ಬೇಡ. ಕಿವಿ ಊದಿ ಮೆತ್ತಗೆ ನೀರು ತುಂಬಿದಂತಿದ್ದರೆ ಒಂದೆರಡು ದಿನದೊಳಗೆ ಇಎನ್‌ಟಿ ವೈದ್ಯರನ್ನು ಕಾಣಿ. ಬಿಟ್ಟರೆ ಅದು ಗಟ್ಟಿಯಾಗಿ ಕಿವಿಯ ಆಕಾರವೇ ಕೆಡುತ್ತದೆ.

ವಾರಕ್ಕೆ ಎರಡು ದಿನ, ನಡುವೆ ಒಂದಾದರೂ ಬಿಡುವು. 35 ದಾಟಿದವರು ಮೊದಲ ತಿಂಗಳು ಇದಕ್ಕಿಂತ ಹೆಚ್ಚು ಮಾಡಿದರೆ ಎರಡನೇ ತಿಂಗಳು ಬರುವುದಿಲ್ಲ.

ಒಗೆತ ಮತ್ತು ಚರ್ಮ

ಗೀಯನ್ನು ಒಮ್ಮೆ ಹಾಕಿದರೆ ಒಮ್ಮೆ ಒಗೆಯಬೇಕು, ಬೆಲ್ಟ್ ಸಮೇತ. ಬೆಲ್ಟ್ ಒಗೆದರೆ ವಿದ್ಯೆ ಹೋಗುತ್ತದೆ ಎಂಬ ತಮಾಷೆಯನ್ನು ನಂಬಿದವರ ಬೆಲ್ಟ್‌ನ ವಾಸನೆ ಹತ್ತಡಿಯಿಂದ ಬರುತ್ತದೆ. ಒದ್ದೆ ಗೀಯನ್ನು ಬೈಕಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಬಿಡಬೇಡಿ. ಮನೆಗೆ ಬಂದ ಕೂಡಲೇ ಮಷೀನಿಗೆ ಹಾಕಿ. 30 ಡಿಗ್ರಿ ನೀರು ಸಾಕು. ಬ್ಲೀಚ್ ಬೇಡ, ನೂಲು ಸಾಯುತ್ತದೆ. ಡ್ರೈಯರ್ ಬೇಡ, ಕುಗ್ಗುತ್ತದೆ. ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಸೋಪು ಪೂರ್ತಿ ಹೋಗದೆ ಗೀ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ಕೊನೆಯ ಜಾಲಾಟಕ್ಕೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿದರೆ ಮೆತ್ತಗಾಗುತ್ತದೆ, ವಾಸನೆಯೂ ಹೋಗುತ್ತದೆ. ಬ್ಲೀಚ್ ಜೊತೆ ಮಾತ್ರ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಮಳೆಗಾಲದಲ್ಲಿ ಎರಡು ಸಲ ಸ್ಪಿನ್ ಮಾಡಿ, ಒಳಮೈ ಹೊರಗೆ ತಿರುಗಿಸಿ, ಫ್ಯಾನ್ ಅಡಿ ದಪ್ಪ ಹ್ಯಾಂಗರ್‌ಗೆ ಹಾಕಿ. ಕಾಲರು ಕೊನೆಗೆ ಒಣಗುವುದು, ಮುಟ್ಟಿ ನೋಡಿಯೇ ಮಡಚಿ. ವಾರಕ್ಕೆ ಮೂರು ದಿನ ಹೋಗುವವರಿಗೆ ಎರಡನೇ ಗೀ ಐಷಾರಾಮವಲ್ಲ.

ತರಗತಿ ಮುಗಿದ ಮೇಲೆ ಆದಷ್ಟು ಬೇಗ ಸೋಪು ಹಚ್ಚಿ ಸ್ನಾನ. ದುಂಡಗೆ, ಅಂಚು ಕೆಂಪಾಗಿ, ತುರಿಸುವ ಮಚ್ಚೆ ಕಂಡರೆ ಅದು ಹುಳುಕಡ್ಡಿ ಇರಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ, ಸ್ಟೆರಾಯ್ಡ್ ಬೆರೆತ ಕ್ರೀಂ ಹಚ್ಚಬೇಡಿ. ಎರಡು ದಿನ ತುರಿಕೆ ನಿಲ್ಲುತ್ತದೆ, ಒಳಗೆ ಶಿಲೀಂಧ್ರ ಹಬ್ಬಿ ಗುರುತೇ ಸಿಗದಂತೆ ಹರಡುತ್ತದೆ. ಚರ್ಮವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ದಿನ ಔಷಧಿ ಮುಗಿಸಿ. ಅಲ್ಲಿಯವರೆಗೆ ಮ್ಯಾಟ್‌ಗೆ ಇಳಿಯುವಂತಿಲ್ಲ, ಮೇಲೆ ಟೇಪ್ ಸುತ್ತಿಯೂ ಇಳಿಯುವಂತಿಲ್ಲ. ಕೋಚ್‌ಗೆ ಹೇಳುವುದು ಅವಮಾನವಲ್ಲ. ಹೇಳದಿದ್ದರೆ ಮುಂದಿನ ವಾರ ಇನ್ನೂ ಐದು ಮಂದಿಗೆ, ಅವರ ಮನೆಯವರಿಗೆ. ಕೀವುಗುಳ್ಳೆ, ಬಿಸಿಯಾಗಿ ಊದಿದ ಗಾಯಕ್ಕೂ ಇದೇ ನಿಯಮ. ಮನೆಯಲ್ಲಿ ಇಬ್ಬರು ಮೂವರು ಆಡುವವರಿದ್ದರೆ ಟವೆಲ್ ಬೇರೆ ಬೇರೆ ಇರಲಿ.

ಮೂರು ತಿಂಗಳ ನಂತರ

ಈ ಹೊತ್ತಿಗೆ ನಿಮಗೆ ಯಾರನ್ನೂ ಟ್ಯಾಪ್ ಮಾಡಿಸಲು ಬರದೇ ಇರಬಹುದು, ಅದು ಲೆಕ್ಕವಲ್ಲ. ನೋಡಬೇಕಾದ್ದು ಐದು ನಿಮಿಷದ ಸುತ್ತು ಉಸಿರು ಕೆಡದೆ ಮುಗಿಯುತ್ತದೆಯೇ, ಕೆಳಗೆ ಸಿಕ್ಕಿಕೊಂಡಾಗ ಗಾಬರಿ ಕಡಿಮೆಯಾಗಿದೆಯೇ ಎಂದು. ಬಿಳಿಯಿಂದ ನೀಲಿಗೆ ನಿಯಮಿತವಾಗಿ ಬರುವವರಿಗೂ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ. ನಡುವೆ ಬೆಲ್ಟ್‌ಗೆ ನಾಲ್ಕು ಪಟ್ಟಿಗಳವರೆಗೆ ಸುತ್ತುತ್ತಾರೆ. ಆರು ತಿಂಗಳಿಗೆ ನೀಲಿ ಖಾತ್ರಿ ಎಂದು ಮಾರುವವರಿಂದ ಬೆಲ್ಟ್ ಸಿಗುತ್ತದೆ, ಆಟ ಸಿಗುವುದಿಲ್ಲ.

ಸ್ಪರ್ಧೆ ಕಡ್ಡಾಯವಲ್ಲ. ಹೋಗಬೇಕೆನಿಸಿದರೆ ಆರು ತಿಂಗಳಾದ ಮೇಲೆ ಯೋಚಿಸಿ. ಬಿಳಿ ಬೆಲ್ಟ್‌ನ ದೊಡ್ಡವರ ಪಂದ್ಯ ಐದೇ ನಿಮಿಷ. ಮಗುವನ್ನು ಕಳಿಸುವುದಾದರೆ ಅದು ಕೇಳಿದ ಮೇಲೆ ಕಳಿಸಿ, ತೂಕ ಇಳಿಸುವ ಮಾತಂತೂ ಎತ್ತಲೇಬೇಡಿ. ಇದೇ ಬಳಗದ ಜುಜಿತ್ಸು 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಿಂದ ಪದಕದ ಆಟ. ಆದರೆ ಅದನ್ನು ತೋರಿಸಿ ‘ಸ್ಪೋರ್ಟ್ಸ್ ಕೋಟಾ ಸಿಗುತ್ತೆ’ ಎಂದು ಯಾರಾದರೂ ಹೇಳಿದರೆ ಕಾಲೇಜಿನ ಪ್ರವೇಶ ನಿಯಮವನ್ನು ನೀವೇ ಓದಿ ಆಮೇಲೆ ನಂಬಿ.

ಪರೀಕ್ಷೆ ಬಂತೆಂದು ಫೆಬ್ರುವರಿ–ಮಾರ್ಚ್‌ನಲ್ಲಿ ಮಕ್ಕಳನ್ನು ಪೂರ್ತಿ ಬಿಡಿಸುವ ಬದಲು ವಾರಕ್ಕೆ ಒಂದು ದಿನಕ್ಕೆ ಇಳಿಸಿ. ಪೂರ್ತಿ ಬಿಟ್ಟವರಲ್ಲಿ ಏಪ್ರಿಲ್‌ಗೆ ಮರಳುವವರು ಕಡಿಮೆ. ಬಿಡಲೇಬೇಕಾದರೆ ಸದಸ್ಯತ್ವ ತಡೆಹಿಡಿಯಲು ಮೊದಲೇ ಬರೆದು ಕೊಡಿ. ತಿಂಗಳು ಮೇಲ್ಪಟ್ಟು ಬಿಟ್ಟು ಮರಳಿದವರಿಗೆ, ದೊಡ್ಡವರಿರಲಿ ಮಕ್ಕಳಿರಲಿ, ಮೊದಲ ಎರಡು ತರಗತಿ ಬರೀ ಪಟ್ಟಿನ ಅಭ್ಯಾಸ. ಮೂರನೆಯದರಿಂದ ಒಂದು ಸುತ್ತು ರೋಲಿಂಗ್, ಆಮೇಲೆ ವಾರಕ್ಕೊಂದು ಸುತ್ತು ಹೆಚ್ಚಿಸುತ್ತಾ ಹೋದರೆ ಸಾಕು.